ಮೊದಲ ಸಲ ಡಿಎಚ್‌ಸಿಪಿ: ಆನ್ ಮಾಡುವ ಮುಂಚೆ ಒಂದು ಹಾಳೆ, ಒಂದು ಪೆನ್ನು

ಪ್ರಶ್ನೆ: ಹಾಸನದ ಹೊರವಲಯದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕಂಪ್ಯೂಟರ್ ಗೊತ್ತಿದೆ ಅಂತ ನೆಟ್‌ವರ್ಕ್ ಕೂಡ ನನ್ನ ತಲೆಗೇ ಬಂದಿದೆ. 22 ಕಂಪ್ಯೂಟರ್, 3 ಪ್ರಿಂಟರ್, ಕ್ಯಾಮೆರಾಗಳ ದೃಶ್ಯ ದಾಖಲಿಸುವ ಎನ್‌ವಿಆರ್ ಡಬ್ಬಿ, ಥಂಬ್ ಕೊಡುವ ಹಾಜರಿ ಮಷೀನ್, ವೇಬ್ರಿಡ್ಜ್ ಕ್ಯಾಬಿನ್‌ನಲ್ಲಿ ಒಂದು ಕಂಪ್ಯೂಟರ್ ಇವೆ. ಎಲ್ಲಕ್ಕೂ ಐಪಿ ವಿಳಾಸವನ್ನು (ನೆಟ್‌ವರ್ಕ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆಯನ್ನು) ಕೈಯಾರೆ ಹಾಕುತ್ತಿದ್ದ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋದ. ಈಗ ವಾರಕ್ಕೆರಡು ಸಲ ‘ಐಪಿ ಕಾನ್‌ಫ್ಲಿಕ್ಟ್’, ಅಂದರೆ ಎರಡು ಯಂತ್ರಕ್ಕೆ ಒಂದೇ ವಿಳಾಸ, ಅಂತ ಬರುತ್ತದೆ. ಯಂತ್ರಗಳಿಗೆ ವಿಳಾಸವನ್ನು ತಾನೇ ಹಂಚುವ ಡಿಎಚ್‌ಸಿಪಿ ಸರ್ವರ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೆ ಬೇರೆ ಸರ್ವರ್ ಕೊಳ್ಳಬೇಕೇ? ಎಲ್ಲಿಂದ ಶುರು ಮಾಡಲಿ? ಆನ್ ಮಾಡಿದ ಕೂಡಲೇ ಈಗ ನಡೆಯುತ್ತಿರುವುದೆಲ್ಲ ನಿಂತುಹೋಗುತ್ತದೆಯೇ?

ಉತ್ತರ: ಮೇಡಂ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಆ ಭಯ ಹೋಗದೆ ಉಳಿದದ್ದು ತಲೆಗೆ ಇಳಿಯುವುದಿಲ್ಲ. ಇಲ್ಲ, ಏನೂ ನಿಲ್ಲುವುದಿಲ್ಲ. ಡಿಎಚ್‌ಸಿಪಿ ಸರ್ವರ್ ತಾನಾಗಿ ಹೋಗಿ ಯಾರ ವಿಳಾಸವನ್ನೂ ಬದಲಿಸುವುದಿಲ್ಲ. ಕೇಳಿದವರಿಗೆ ಕೊಡುತ್ತದೆ, ಅಷ್ಟೇ. ಕೈಯಾರೆ ವಿಳಾಸ ಹಾಕಿರುವ ಕಂಪ್ಯೂಟರ್ ಅದನ್ನು ಕೇಳುವುದೇ ಇಲ್ಲ, ನಿನ್ನೆ ಇದ್ದ ಹಾಗೆ ಇವತ್ತೂ ಇರುತ್ತದೆ.

ಅಪಾಯ ಇರುವುದು ಇನ್ನೊಂದು ಕಡೆ. ಹಳೆಯ ಹುಡುಗ ವೇಬ್ರಿಡ್ಜ್ ಕಂಪ್ಯೂಟರ್‌ಗೆ 192.168.1.120 ಅಂತ ಹಾಕಿಹೋಗಿದ್ದಾನೆ ಅಂದುಕೊಳ್ಳಿ. ಅದು ಸರ್ವರ್‌ಗೆ ಗೊತ್ತಿಲ್ಲ. ನೀವು 100ರಿಂದ 200ರವರೆಗೆ ಹಂಚು ಅಂತ ಹೇಳಿದರೆ ಒಂದು ದಿನ ಯಾರದೋ ಮೊಬೈಲ್‌ಗೆ ಅದೇ 120 ಹೋಗಿಬಿಡಬಹುದು. ಒಳ್ಳೆಯ ಸರ್ವರ್‌ಗಳು ಕೊಡುವ ಮುಂಚೆ ಆ ವಿಳಾಸಕ್ಕೊಂದು ಪಿಂಗ್ ಕಳಿಸಿ, ಯಾರಾದರೂ ಓಗೊಡುತ್ತಾರಾ ಅಂತ ನೋಡುತ್ತವೆ, ನಿಜ. ಆದರೆ ವೇಬ್ರಿಡ್ಜ್ ಕಂಪ್ಯೂಟರ್ ಆ ಹೊತ್ತಿಗೆ ಆಫ್ ಆಗಿದ್ದರೆ? ಬೆಳಿಗ್ಗೆ ಲೋಡ್ ಬಂದು ಆನ್ ಮಾಡಿದಾಗ ಜಗಳ ಶುರು. ಅದಕ್ಕೇ ಹೇಳುವುದು, ಡಿಎಚ್‌ಸಿಪಿ ಕೆಲಸದಲ್ಲಿ ಮುಕ್ಕಾಲು ಪಾಲು ಹಾಳೆಯ ಮೇಲೆ ಮುಗಿಯಬೇಕು. ಸರ್ವರ್ ಆನ್ ಮಾಡುವುದು ಹತ್ತು ನಿಮಿಷದ ಕೆಲಸ.

ಒಳಗೆ ಏನು ನಡೆಯುತ್ತದೆ ಅಂತ ಒಮ್ಮೆ ಮನಸ್ಸಿಗೆ ಬಂದರೆ ಮುಂದಿನದೆಲ್ಲ ಸಲೀಸು. ಹಾಸನದವರಿಗೆ ಹೇಳುವುದು ಸುಲಭ. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಲಾಡ್ಜ್‌ಗಳ ಮುಂದೆ ಏನಾಗುತ್ತದೆ ನೆನೆಸಿಕೊಳ್ಳಿ. ಊರಿಗೆ ಹೊಸಬರೊಬ್ಬರು ಬರುತ್ತಾರೆ. ಯಾವ ಲಾಡ್ಜ್, ಯಾರನ್ನು ಕೇಳಬೇಕು ಒಂದೂ ಗೊತ್ತಿಲ್ಲ. ಬೀದಿಯಲ್ಲಿ ನಿಂತು ‘ಯಾರ ಹತ್ತಿರವಾದರೂ ರೂಮ್ ಇದೆಯಾ?’ ಅಂತ ಕೂಗುತ್ತಾರೆ. ಇದು ಡಿಸ್ಕವರ್. ಒಬ್ಬ ಲಾಡ್ಜಿನವನು ‘12ನೇ ನಂಬರ್ ಖಾಲಿ ಇದೆ’ ಅನ್ನುತ್ತಾನೆ. ಇದು ಆಫರ್. ‘ಸರಿ, ನಿಮ್ಮ 12ನೇ ರೂಮೇ ಕೊಡಿ’ ಅಂತ ಇವರು ಮತ್ತೆ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಾರೆ. ಇದು ರಿಕ್ವೆಸ್ಟ್. ಅವನು ಲೆಡ್ಜರ್‌ನಲ್ಲಿ ಹೆಸರು ಬರೆದುಕೊಂಡು ಬೀಗದ ಕೈ ಕೊಡುತ್ತಾನೆ. ಇದು ಅಕ್ನಾಲೆಜ್. ಮೂರನೇ ಮಾತನ್ನು ಅವನೊಬ್ಬನ ಕಿವಿಯಲ್ಲಿ ಹೇಳದೆ ಎಲ್ಲರಿಗೂ ಕೇಳುವ ಹಾಗೆ ಹೇಳುವುದಕ್ಕೆ ಕಾರಣ ಇದೆ. ಇನ್ನೊಬ್ಬ ಲಾಡ್ಜಿನವನೂ ಇವರಿಗಾಗಿ ಒಂದು ರೂಮ್ ಹಿಡಿದಿಟ್ಟಿದ್ದರೆ, ಅದನ್ನು ಕೇಳಿಸಿಕೊಂಡು ಬಿಟ್ಟುಕೊಡಲಿ ಅಂತ.

ಬೀಗದ ಕೈ ಜೊತೆಗೆ ಇನ್ನೂ ಮೂರು ಮಾತು ಬರುತ್ತವೆ. ಹೊರಗೆ ಹೋಗುವ ಬಾಗಿಲು ಯಾವುದು, ಅಂದರೆ ಗೇಟ್‌ವೇ. ಹೆಸರು ಹೇಳಿದರೆ ನಂಬರ್ ಹುಡುಕಿಕೊಡುವವರು ಯಾರು, ಅಂದರೆ ಡಿಎನ್‌ಎಸ್. ರೂಮ್ ಎಷ್ಟು ಹೊತ್ತಿನವರೆಗೆ ನಿಮ್ಮದು, ಅಂದರೆ ಲೀಸ್. ಈ ಲೀಸ್ ಅನ್ನುವ ಮಾತಿನಲ್ಲೇ ಇಡೀ ವ್ಯವಸ್ಥೆಯ ಜೀವ ಇದೆ, ವಿಳಾಸ ಯಾರ ಸ್ವಂತದ್ದೂ ಅಲ್ಲ. 1985ರಲ್ಲಿ ಬಂದ ಬೂಟ್‌ಪಿ ಅನ್ನುವ ಹಳೆಯ ಪದ್ಧತಿಯಲ್ಲಿ ಯಾವ ಯಂತ್ರಕ್ಕೆ ಯಾವ ವಿಳಾಸ ಅಂತ ಮೊದಲೇ ಪಟ್ಟಿ ಬರೆದಿಡಬೇಕಿತ್ತು. ಸ್ವಲ್ಪ ಕಾಲಕ್ಕೆ ಕೊಟ್ಟು ವಾಪಸ್ ಪಡೆಯುವ ಈ ಪದ್ಧತಿ 1993ರಲ್ಲಿ ಬಂತು. ಇವತ್ತಿಗೂ ನಾವು ನಡೆಸುತ್ತಿರುವುದು 1997ರಲ್ಲಿ ತಿದ್ದಿ ಬರೆದ ನಿಯಮಗಳನ್ನು.

ಬೀದಿಯಲ್ಲಿ ಕೂಗುವ ಆ ಮೊದಲ ಕರೆಗೆ ಬ್ರಾಡ್‌ಕಾಸ್ಟ್ ಅನ್ನುತ್ತೇವೆ. ಅದು ನಿಮ್ಮ ಸ್ವಿಚ್‌ಗಳಿಗೆ (ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಡಬ್ಬಿಗಳಿಗೆ) ಸೇರಿದ ಎಲ್ಲರಿಗೂ ಕೇಳಿಸುತ್ತದೆ, ರೂಟರ್ ದಾಟಿ ಆಚೆ ಹೋಗುವುದಿಲ್ಲ. ಹಾಗಾಗಿ ವಿಳಾಸ ಕೊಡುವವನು ಅದೇ ಬೀದಿಯಲ್ಲಿ ಇರಬೇಕು. ಗೋಡೌನ್‌ಗೆ ಬೇರೆ ನೆಟ್‌ವರ್ಕ್ ಮಾಡಿ ನಡುವೆ ರೂಟರ್ ಇಟ್ಟಿದ್ದರೆ ಅಲ್ಲಿಯ ಕೂಗನ್ನು ಇಲ್ಲಿಗೆ ಮುಟ್ಟಿಸಲು ರಿಲೇ ಅನ್ನುವ ಏರ್ಪಾಡು ಬೇಕು. ನಿಮ್ಮ ಪತ್ರ ನೋಡಿದರೆ ಎಲ್ಲ ಒಂದೇ ನೆಟ್‌ವರ್ಕ್ ಅನಿಸುತ್ತದೆ, ಆದ್ದರಿಂದ ಅದರ ಚಿಂತೆ ಈಗ ಬೇಡ.

ಬೇರೆ ಸರ್ವರ್ ಕೊಳ್ಳಬೇಕೇ ಅಂದಿರಿ. ಬೇಡ. ನಿಮ್ಮ ಇಂಟರ್‌ನೆಟ್ ರೂಟರ್ ಒಳಗೇ ಡಿಎಚ್‌ಸಿಪಿ ಸರ್ವರ್ ಇದೆ. ಸುಮಾರು 30 ಯಂತ್ರ, 40–50 ಮೊಬೈಲ್‌ಗೆ ಅದು ಧಾರಾಳ ಸಾಕು. ಆಫೀಸಿನಲ್ಲಿ ವಿಂಡೋಸ್ ಸರ್ವರ್ ಇಟ್ಟು ಡೊಮೈನ್ (ಎಲ್ಲರ ಲಾಗಿನ್ ಒಂದೇ ಕಡೆಯಿಂದ ನೋಡಿಕೊಳ್ಳುವ ಏರ್ಪಾಡು) ಮಾಡಿಕೊಂಡಿದ್ದರೆ ಮಾತ್ರ ಆ ಸರ್ವರ್‌ಗೇ ಈ ಕೆಲಸ ಕೊಡುವುದು ಒಳ್ಳೆಯದು, ಹೆಸರುಗಳ ಲೆಕ್ಕವೂ ವಿಳಾಸದ ಲೆಕ್ಕವೂ ಒಂದೇ ಕಡೆ ಇರುತ್ತದೆ. ಲಿನಕ್ಸ್‌ನಲ್ಲಿ ಮಾಡುವ ಆಸೆ ಇದ್ದರೆ ಸಣ್ಣ ಆಫೀಸಿಗೆ ಡಿಎನ್‌ಎಸ್‌ಮಾಸ್ಕ್, ದೊಡ್ಡದಕ್ಕೆ ಕಿಯಾ ಅನ್ನುವ ಸಾಫ್ಟ್‌ವೇರ್. ಇಲ್ಲೊಂದು ಎಚ್ಚರಿಕೆ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಸಿಗುವ ಪಾಠಗಳಲ್ಲಿ ಬಹಳಷ್ಟು ಹಳೆಯ ಐಎಸ್‌ಸಿ ಡಿಎಚ್‌ಸಿಪಿ ಬಗ್ಗೆ ಇವೆ. ಅದನ್ನು ಮಾಡಿದವರೇ 2022ರ ಕೊನೆಗೆ ಅದರ ನಿರ್ವಹಣೆ ನಿಲ್ಲಿಸಿ ಕಿಯಾ ಕಡೆಗೆ ತಿರುಗಿದ್ದಾರೆ. ಹೊಸದಾಗಿ ಶುರು ಮಾಡುವವರು ಅದನ್ನು ಹಾಕಿಕೊಳ್ಳಬೇಡಿ.

ಈಗ ಹಾಳೆಗೆ ಬರೋಣ. ಒಂದು ದೊಡ್ಡ ಹಾಳೆ ತೆಗೆದುಕೊಂಡು 1ರಿಂದ 254ರವರೆಗೆ ಸಂಖ್ಯೆ ಬರೆಯಿರಿ, ಎಕ್ಸೆಲ್ ಆದರೂ ಸರಿ. ಇವು ವಿಳಾಸದ ಕೊನೆಯ ಭಾಗ. ಆಮೇಲೆ ಯಾವ ವಿಳಾಸದಲ್ಲಿ ಯಾರು ಕೂತಿದ್ದಾರೆ ಅಂತ ಹುಡುಕಬೇಕು. ಮೊಬೈಲ್‌ನಲ್ಲಿ ಫಿಂಗ್ ಅನ್ನುವ ಆಪ್, ಕಂಪ್ಯೂಟರ್‌ನಲ್ಲಿ ಅಡ್ವಾನ್ಸ್ಡ್ ಐಪಿ ಸ್ಕ್ಯಾನರ್ ಹಾಕಿಕೊಂಡರೆ ಒಂದೆರಡು ನಿಮಿಷದಲ್ಲಿ ಪಟ್ಟಿ ಬರುತ್ತದೆ. ಆ ಪಟ್ಟಿಯನ್ನು ಒಂದೇ ಸಲಕ್ಕೆ ನಂಬಬೇಡಿ, ಆಫ್ ಆಗಿರುವುದು ಅದರಲ್ಲಿ ಕಾಣುವುದಿಲ್ಲ. ಬೆಳಿಗ್ಗೆ ಆಫೀಸ್ ಶುರುವಾದಾಗ, ಮಧ್ಯಾಹ್ನ, ಸಂಜೆ ವೇಬ್ರಿಡ್ಜ್ ಬಿಜಿ ಇರುವಾಗ, ಹೀಗೆ ಮೂರು ನಾಲ್ಕು ದಿನ ಮಾಡಿ. ಜೊತೆಗೆ ಒಂದು ಸುತ್ತು ನಡೆದುಕೊಂಡೇ ಹೋಗಿ. ಪ್ರತಿ ಯಂತ್ರದ ಮುಂದೆ ನಿಂತು ಅದರ ವಿಳಾಸ, ಮ್ಯಾಕ್ ವಿಳಾಸ (ತಯಾರಿಸುವಾಗಲೇ ಯಂತ್ರಕ್ಕೆ ಕೊಟ್ಟ ಗುರುತಿನ ಸಂಖ್ಯೆ), ಅದು ಇರುವ ಜಾಗ ಬರೆದುಕೊಳ್ಳಿ. ಪ್ರಿಂಟರ್‌ಗಳಲ್ಲಿ ಸೆಟ್ಟಿಂಗ್ಸ್ ಪುಟವನ್ನೇ ಪ್ರಿಂಟ್ ತೆಗೆಯಬಹುದು, ವಿಳಾಸ ಎರಡೂ ಅದರಲ್ಲೇ ಇರುತ್ತವೆ. ಈ ಸುತ್ತಿನಲ್ಲಿ ಯಾರಿಗೂ ನೆನಪಿಲ್ಲದ ಒಂದೆರಡು ಯಂತ್ರಗಳು ಸಿಕ್ಕೇ ಸಿಗುತ್ತವೆ. ಬೀರು ಹಿಂದಿನ ಹಳೆಯ ಸ್ವಿಚ್, ಮಹಡಿಯಲ್ಲಿ ಯಾವಾಗಲೋ ಸಿಗಿಸಿದ ವೈಫೈ ಡಬ್ಬಿ. ಐಪಿ ಜಗಳಗಳ ಮೂಲ ಎಷ್ಟೋ ಸಲ ಅಲ್ಲೇ ಇರುತ್ತದೆ.

ನಿಮ್ಮದು 192.168.1 ಸಾಲು ಇರಬಹುದು, ಅಂದರೆ ಎಲ್ಲ ವಿಳಾಸಗಳ ಮೊದಲ ಮೂರು ಭಾಗ ಅದೇ. ಹೊಸದಾಗಿ ಕಟ್ಟುವವರಿಗೆ ನಾನು ಈ ಸಾಲು ಹೇಳುವುದಿಲ್ಲ. 192.168.0, 192.168.1 ಎರಡೂ ಮನೆ ರೂಟರ್‌ಗಳು ಹುಟ್ಟುವಾಗಲೇ ಹೊತ್ತು ತರುವ ಸಂಖ್ಯೆಗಳು. ಮಾಲೀಕರು ಮನೆಯಿಂದ ವಿಪಿಎನ್ (ಇಂಟರ್‌ನೆಟ್ ಮೂಲಕ ಆಫೀಸಿನ ನೆಟ್‌ವರ್ಕ್ ಸೇರುವ ದಾರಿ) ಹಾಕಿ ಆಫೀಸಿನ ಲೆಕ್ಕ ನೋಡುತ್ತೇನೆ ಅಂದ ದಿನ ಎರಡೂ ಕಡೆ ಒಂದೇ ಸಾಲು ಇದ್ದು ತೊಂದರೆ ಆಗುತ್ತದೆ. 192.168.37 ಅಂತಲೋ 10.20.30 ಅಂತಲೋ ಅಪರೂಪದ್ದು ಇಟ್ಟುಕೊಂಡರೆ ವಾಸಿ. ಆದರೆ ನಡೆಯುತ್ತಿರುವ ಆಫೀಸಿನಲ್ಲಿ ಸಾಲನ್ನೂ ಬದಲಿಸಿ ಡಿಎಚ್‌ಸಿಪಿಯನ್ನೂ ತರುವುದು ಒಟ್ಟಿಗೆ ಬೇಡ. ಒಂದು ಸಲಕ್ಕೆ ಒಂದೇ ಬದಲಾವಣೆ. ಎಲ್ಲ ಯಂತ್ರಗಳೂ ಡಿಎಚ್‌ಸಿಪಿಗೆ ಬಂದ ಮೇಲೆ ಸಾಲು ಬದಲಿಸುವುದು ಈಗಿನದರ ಕಾಲು ಭಾಗದಷ್ಟು ಕೆಲಸವೂ ಅಲ್ಲ.

ಹಾಳೆಯನ್ನು ನಾನಾಗಿದ್ದರೆ ಹೀಗೆ ಭಾಗ ಮಾಡುತ್ತೇನೆ. 1 ರೂಟರ್‌ಗೆ. 2ರಿಂದ 29 ಕೈಯಾರೆ ಹಾಕುವ ಯಂತ್ರಗಳಿಗೆ, ಅಂದರೆ ಸ್ವಿಚ್, ವೈಫೈ ಆಕ್ಸೆಸ್ ಪಾಯಿಂಟ್, ಎನ್‌ವಿಆರ್. 30ರಿಂದ 59 ರಿಸರ್ವೇಶನ್‌ಗೆ. 100ರಿಂದ 219 ಬಂದಬಂದವರಿಗೆ ಹಂಚುವ ಪೂಲ್. ಉಳಿದದ್ದನ್ನು ಖಾಲಿ ಬಿಡಿ. ಗದ್ದೆ ಪೂರ್ತಿ ನಾಟಿ ಮಾಡಿ ಓಡಾಡುವುದಕ್ಕೆ ಬದು ಇಲ್ಲದ ಹಾಗೆ ಮಾಡಬಾರದು, ನಾಳೆ ಏನು ಬರುತ್ತದೋ ಗೊತ್ತಿಲ್ಲ. ಈಗ ಹಾಳೆ ನೋಡಿ. ಕೈಯಾರೆ ಹಾಕಿದ ವಿಳಾಸಗಳಲ್ಲಿ 100ರಿಂದ 219ರ ನಡುವೆ ಸಿಕ್ಕಿಕೊಂಡಿರುವುದು ಯಾವ್ಯಾವುದು? ಸರ್ವರ್ ಆನ್ ಮಾಡುವ ಮುಂಚೆ ಅವನ್ನಷ್ಟೇ ಅಲ್ಲಿಂದ ಎಬ್ಬಿಸಬೇಕು. ಉಳಿದವು ಈಗ ಇದ್ದಲ್ಲೇ ಇರಲಿ.

ರಿಸರ್ವೇಶನ್ ಅಂದರೆ, ‘ಈ ಮ್ಯಾಕ್ ವಿಳಾಸದವರು ಬಂದರೆ ಯಾವಾಗಲೂ ಇದೇ ನಂಬರ್ ಕೊಡು’ ಅಂತ ಸರ್ವರ್‌ಗೆ ಹೇಳಿಡುವುದು. ಯಂತ್ರದಲ್ಲಿ ‘ಆಟೊಮ್ಯಾಟಿಕ್’ ಅಂತಲೇ ಇರುತ್ತದೆ, ಆದರೂ ವಿಳಾಸ ಬದಲಾಗುವುದಿಲ್ಲ. ಯಾರಿಗೆ ಇದು ಬೇಕು ಅಂತ ತೀರ್ಮಾನಿಸಲು ನನ್ನದೊಂದು ಅಳತೆ ಇದೆ. ಬೇರೆಯವರು ನಂಬರ್ ಹಿಡಿದು ಹುಡುಕಿಕೊಂಡು ಬರುವ ಯಂತ್ರವಾದರೆ ರಿಸರ್ವೇಶನ್ ಬೇಕು. ತಾನೇ ಬೇರೆಯವರ ಹತ್ತಿರ ಹೋಗುವುದಾದರೆ ಬೇಡ. ಮೂರೂ ಪ್ರಿಂಟರ್‌ಗೆ ಬೇಕು. ಟ್ಯಾಲಿ ಡೇಟಾ ಇಟ್ಟಿರುವ ಕಂಪ್ಯೂಟರ್‌ಗೆ ಬೇಕು. ಹಾಜರಿ ಮಷೀನ್‌ಗೆ ಬೇಕು. ನಿಮ್ಮ ಟೇಬಲ್ ಮೇಲಿನ ಕಂಪ್ಯೂಟರ್‌ಗೆ ಬೇಡ. ವೇಬ್ರಿಡ್ಜ್‌ನಲ್ಲಿ ತೂಕ ತೋರಿಸುವ ಇಂಡಿಕೇಟರ್‌ನಿಂದ ಕಂಪ್ಯೂಟರ್‌ಗೆ ಸಾಮಾನ್ಯವಾಗಿ ಸೀರಿಯಲ್ ಕೇಬಲ್ ಬಂದಿರುತ್ತದೆ, ಅದಕ್ಕೂ ಐಪಿಗೂ ಸಂಬಂಧ ಇಲ್ಲ. ಆದರೆ ಆ ಕಂಪ್ಯೂಟರ್‌ನಿಂದ ಆಫೀಸಿಗೆ ತೂಕದ ಚೀಟಿಗಳ ಫೋಲ್ಡರ್ ಹಂಚಿಕೊಂಡಿದ್ದರೆ ಅದಕ್ಕೂ ಒಂದು ರಿಸರ್ವೇಶನ್ ಕೊಟ್ಟುಬಿಡಿ. ಕ್ಯಾಮೆರಾಗಳು ಎನ್‌ವಿಆರ್‌ನ ಹಿಂಬದಿಯ ಪೋರ್ಟ್‌ಗಳಿಗೇ ನೇರ ಸೇರಿದ್ದರೆ ಅವು ಅದರ ಒಳಗಿನ ಬೇರೆ ನೆಟ್‌ವರ್ಕ್‌ನಲ್ಲಿ ಇರುತ್ತವೆ, ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಆಫೀಸಿನ ಸ್ವಿಚ್‌ಗೆ ಸೇರಿದ್ದರೆ ಒಂದೊಂದಕ್ಕೂ ಹಾಳೆಯಲ್ಲಿ ಒಂದೊಂದು ಜಾಗ ಬೇಕು.

ಎಲ್ಲದಕ್ಕೂ ಕೈಯಾರೆ ಹಾಕಿಬಿಟ್ಟರೆ ಆಗದೇ ಅಂತ ನೀವು ಕೇಳಬಹುದು. ಈಗ ಕಷ್ಟಕ್ಕೆ ತಂದದ್ದೇ ಅದಲ್ಲವೇ? ಕೈಯಾರೆ ಹಾಕಿದ ವಿಳಾಸ ಇರುವುದು ಆಯಾ ಯಂತ್ರದ ಹೊಟ್ಟೆಯಲ್ಲಿ, ಮತ್ತು ಹಾಕಿದವನ ನೆನಪಿನಲ್ಲಿ. ಅವನು ಬೆಂಗಳೂರಿಗೆ ಹೋದ, ನೆನಪೂ ಜೊತೆಗೆ ಹೋಯಿತು. ರಿಸರ್ವೇಶನ್‌ನಲ್ಲಿ ಎಲ್ಲವೂ ಒಂದೇ ಪುಟದಲ್ಲಿ ಬರೆದಿರುತ್ತದೆ, ನಾಳೆ ನಿಮ್ಮ ಜಾಗಕ್ಕೆ ಬಂದವರೂ ಓದಿಕೊಳ್ಳಬಹುದು. ಒಂದು ವಿಷಯ ಮಾತ್ರ ಗಮನಿಸಿ. ರಿಸರ್ವೇಶನ್ ಸಂಖ್ಯೆ ಪೂಲ್ ಒಳಗೆ ಇರಬೇಕೋ ಹೊರಗೆ ಇರಬಹುದೋ ಅನ್ನುವುದು ಸರ್ವರ್‌ನಿಂದ ಸರ್ವರ್‌ಗೆ ಬೇರೆ. ಡಿಎನ್‌ಎಸ್‌ಮಾಸ್ಕ್‌ನಲ್ಲಿ ಅದೇ ಸಾಲಿನಲ್ಲಿದ್ದರೆ ಪೂಲ್ ಹೊರಗೂ ನಡೆಯುತ್ತದೆ. ಕೆಲವು ರೂಟರ್‌ಗಳು ಒಳಗಿನದನ್ನು ಮಾತ್ರ ಒಪ್ಪುತ್ತವೆ. ನಿಮ್ಮದು ಹಾಗಿದ್ದರೆ ಪೂಲ್ 30ರಿಂದಲೇ ಶುರುವಾಗಲಿ, ಆಗ 30ರಿಂದ ಮೇಲೆ ಕೈಯಾರೆ ಹಾಕಿದವನ್ನೂ ಎಬ್ಬಿಸಬೇಕು.

ಸೆಟ್ಟಿಂಗ್ಸ್ ಪುಟದಲ್ಲಿ ತುಂಬುವುದು ನಾಲ್ಕೈದು ಮನೆ ಮಾತ್ರ. ಸಬ್‌ನೆಟ್ ಮಾಸ್ಕ್ 255.255.255.0. ಗೇಟ್‌ವೇ ನಿಮ್ಮ ರೂಟರ್‌ನ ವಿಳಾಸ. ಇಲ್ಲಿ ಒಂದು ಅಂಕಿ ತಪ್ಪಿದರೆ ಪ್ರಿಂಟ್ ಬರುತ್ತದೆ, ಫೋಲ್ಡರ್ ತೆರೆಯುತ್ತದೆ, ಇಂಟರ್‌ನೆಟ್ ಮಾತ್ರ ಬರುವುದಿಲ್ಲ. ಆ ಲಕ್ಷಣ ಕಂಡರೆ ಮೊದಲು ಈ ಮನೆ ನೋಡಿ. ಡಿಎನ್‌ಎಸ್ ಜಾಗದಲ್ಲಿ ರೂಟರ್‌ನ ವಿಳಾಸವನ್ನೇ ಹಾಕಿದರೆ ಸಾಕು. ಡೊಮೈನ್ ಇರುವ ಆಫೀಸಾದರೆ ಡೊಮೈನ್ ಸರ್ವರ್‌ನ ವಿಳಾಸ ಮಾತ್ರ ಹಾಕಬೇಕು. ‘ಎರಡನೆಯದು ಇರಲಿ’ ಅಂತ ಗೂಗಲ್‌ನ ಡಿಎನ್‌ಎಸ್ 8.8.8.8 ಸೇರಿಸುವವರು ಬಹಳ ಮಂದಿ. ಆಫೀಸಿನ ಒಳಗಿನ ಹೆಸರುಗಳು ಗೂಗಲ್‌ಗೆ ಗೊತ್ತಿರುವುದಿಲ್ಲ. ಕಂಪ್ಯೂಟರ್ ಯಾವುದೋ ಗಳಿಗೆಯಲ್ಲಿ ಅದನ್ನೇ ಕೇಳಲು ಶುರು ಮಾಡಿದರೆ ಲಾಗಿನ್ ನಿಧಾನವಾಗುತ್ತದೆ, ಫೋಲ್ಡರ್ ಸಿಗುವುದಿಲ್ಲ, ಕಾರಣ ಯಾರಿಗೂ ಹೊಳೆಯುವುದಿಲ್ಲ.

ಲೀಸ್ ಸಮಯದ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಯಂತ್ರ ತನ್ನ ಲೀಸ್‌ನ ಅರ್ಧ ಸಮಯ ಕಳೆದಾಗ ‘ಮುಂದುವರಿಸಿ’ ಅಂತ ಕೊಟ್ಟವನನ್ನೇ ಕೇಳುತ್ತದೆ. ಉತ್ತರ ಬರದಿದ್ದರೆ 87.5 ಶೇಕಡಾ ಕಳೆದಾಗ ಯಾರಾದರೂ ಸರಿ ಅಂತ ಮತ್ತೆ ಎಲ್ಲರನ್ನೂ ಕೇಳುತ್ತದೆ. ಆಗಲೂ ಇಲ್ಲದಿದ್ದರೆ ಸಮಯ ಮುಗಿದ ಮೇಲೆ ವಿಳಾಸ ಬಿಡುತ್ತದೆ. ಅಂದರೆ ಎಂಟು ಗಂಟೆಯ ಲೀಸ್ ಇದ್ದರೆ, ಸರ್ವರ್ ಒಂದೆರಡು ಗಂಟೆ ಮಲಗಿದರೂ ಕೆಲಸದಲ್ಲಿರುವ ಕಂಪ್ಯೂಟರ್‌ಗಳಿಗೆ ಅದು ತಿಳಿಯುವುದೇ ಇಲ್ಲ. ಇದು ಉದ್ದ ಲೀಸ್‌ನ ಲಾಭ. ವಿಂಡೋಸ್ ಸರ್ವರ್ ಸುಮ್ಮನೆ ಬಿಟ್ಟರೆ 8 ದಿನ ಇಟ್ಟುಕೊಳ್ಳುತ್ತದೆ, ಕದಲದ ಕಂಪ್ಯೂಟರ್‌ಗಳಿಗೆ ಅದು ಸರಿಯೇ.

ನಿಮ್ಮಲ್ಲಿ ಕತೆ ಬೇರೆ. ಕೊಯ್ಲು ಶುರುವಾಗಿ ಪಾರ್ಚ್‌ಮೆಂಟ್, ಚೆರಿ ಮೂಟೆ ಹೊತ್ತ ಗಾಡಿಗಳು ಸಾಲುಗಟ್ಟಿದಾಗ ಡ್ರೈವರ್‌ಗಳು, ಪ್ಲಾಂಟರ್‌ಗಳ ರೈಟರ್‌ಗಳು ಎಲ್ಲರೂ ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ಒಬ್ಬ ಡ್ರೈವರ್ 20 ನಿಮಿಷ ಇದ್ದು ಹೋಗುತ್ತಾನೆ. 24 ಗಂಟೆಯ ಲೀಸ್ ಇದ್ದರೆ ಅವನ ಫೋನ್ ಸಕಲೇಶಪುರ ದಾಟಿ ಹೋದ ಮೇಲೂ ಅವನ ರೂಮ್ ನಾಳೆವರೆಗೆ ಬೀಗ ಹಾಕಿಯೇ ಇರುತ್ತದೆ. ದರ್ಶನ ಮುಗಿಸಿ ಊರಿಗೆ ಹೋದವರ ಹೆಸರಲ್ಲಿ ಲಾಡ್ಜ್ ತುಂಬಿ, ಬಾಗಿಲಲ್ಲಿ ನಿಂತವರಿಗೆ ಜಾಗ ಇಲ್ಲದ ಹಾಗೆ. ಆಫೀಸಿನ ಯಂತ್ರಗಳಿಗೆ 8 ಗಂಟೆ ಇಡಿ. ಹೊರಗಿನವರಿಗೆ ರೂಟರ್‌ನಲ್ಲಿ ಗೆಸ್ಟ್ ವೈಫೈ ಇದ್ದರೆ ಅದನ್ನೇ ಕೊಟ್ಟು, ಅದರ ಲೀಸ್ ಬೇರೆ ಇಡಲು ಬಂದರೆ ಒಂದು ಗಂಟೆ ಮಾಡಿ. ಲೆಕ್ಕದ ಕಂಪ್ಯೂಟರ್‌ಗಳಿರುವ ನೆಟ್‌ವರ್ಕ್‌ಗೆ ಹೊರಗಿನ ಫೋನ್‌ಗಳನ್ನು ಬಿಡಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಫೋನ್‌ಗಳಿಗೆ ರಿಸರ್ವೇಶನ್ ಮಾಡಲೂ ಹೋಗಬೇಡಿ. ಆಂಡ್ರಾಯ್ಡ್ 10, ಐಒಎಸ್ 14ರಿಂದ ಈಚೆಗೆ ಫೋನ್‌ಗಳು ತಮ್ಮ ನಿಜವಾದ ಮ್ಯಾಕ್ ವಿಳಾಸ ತೋರಿಸದೆ ಆಯಾ ವೈಫೈಗೆಂದು ಮಾಡಿಕೊಂಡ ಬೇರೊಂದನ್ನು ತೋರಿಸುತ್ತವೆ.

ಹಾಳೆ ತುಂಬಿತು, ಪೂಲ್ ಜಾಗ ಖಾಲಿಯಾಯಿತು. ಒಂದು ಭಾನುವಾರ ಸರ್ವರ್ ಆನ್ ಮಾಡಿ. ಎಲ್ಲ ಯಂತ್ರಕ್ಕೂ ಅಂದೇ ಕೈ ಹಾಕಬೇಡಿ. ನಿಮ್ಮ ಕಂಪ್ಯೂಟರ್ ಒಂದನ್ನೇ ಆಟೊಮ್ಯಾಟಿಕ್‌ಗೆ ತನ್ನಿ. ಇಲ್ಲಿ ಬಹಳ ಜನ ಎಡವುತ್ತಾರೆ. ವಿಂಡೋಸ್‌ನಲ್ಲಿ ಐಪಿ ವಿಳಾಸಕ್ಕೊಂದು, ಡಿಎನ್‌ಎಸ್‌ಗೊಂದು ಆಟೊಮ್ಯಾಟಿಕ್ ಇದೆ. ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ಮರೆತರೆ ಹಳೆಯ ಡಿಎನ್‌ಎಸ್ ಅಲ್ಲೇ ಕೂತಿರುತ್ತದೆ. ಮುಂದೆ ಯಾವತ್ತೋ ರೂಟರ್ ಬದಲಾದ ದಿನ ಆ ಒಂದು ಕಂಪ್ಯೂಟರ್ ಮಾತ್ರ ಕೈಕೊಡುತ್ತದೆ. ಬದಲಿಸಿದ ಮೇಲೆ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್ ಸ್ಲ್ಯಾಶ್ ಆಲ್’ (ipconfig /all) ಕೊಡಿ. ಬರುವ ಉದ್ದ ಪಟ್ಟಿಯಲ್ಲಿ ‘ಡಿಎಚ್‌ಸಿಪಿ ಸರ್ವರ್’ ಅನ್ನುವ ಸಾಲು ಹುಡುಕಿ. ಅದರ ಎದುರು ನಿಮ್ಮ ರೂಟರ್‌ನ ವಿಳಾಸವೇ ಇದೆಯಾ? ಇದ್ದರೆ ಸರಿಯಾದವನೇ ಕೊಟ್ಟಿದ್ದಾನೆ. ಸಂಖ್ಯೆ 100ಕ್ಕೂ 219ಕ್ಕೂ ನಡುವೆ ಇದೆಯಾ, ಗೇಟ್‌ವೇ ಸರಿ ಇದೆಯಾ, ಟ್ಯಾಲಿ ತೆರೆಯುತ್ತದೆಯಾ, ಪ್ರಿಂಟ್ ಬರುತ್ತದೆಯಾ ನೋಡಿ. ಎರಡು ದಿನ ಹಾಗೇ ಕೆಲಸ ಮಾಡಿ. ಆಮೇಲೆ ದಿನಕ್ಕೆ ನಾಲ್ಕೈದರಂತೆ ಉಳಿದವನ್ನು ತನ್ನಿ, ತಂದದ್ದಕ್ಕೆ ಹಾಳೆಯಲ್ಲಿ ಗುರುತು ಹಾಕಿ. ವೇಬ್ರಿಡ್ಜ್ ಕಂಪ್ಯೂಟರ್ ಕಟ್ಟಕಡೆಗೆ ಇರಲಿ. ಗಾಡಿಗಳು ತೂಕಕ್ಕೆ ನಿಂತಿರುವಾಗ ಅದರ ಹತ್ತಿರ ಹೋಗಲೇಬೇಡಿ.

ಸರಿಯಾದವನೇ ಕೊಟ್ಟಿದ್ದಾನಾ ಅಂತ ನೋಡಿ ಅಂದದ್ದಕ್ಕೆ ನನ್ನದೇ ಅನುಭವ ಇದೆ. ಕೆಲವು ವರ್ಷಗಳ ಹಿಂದೆ ಚಿಕ್ಕಮಗಳೂರಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ಗೆ ನಾನೇ ಡಿಎಚ್‌ಸಿಪಿ ಹಾಕಿಕೊಟ್ಟಿದ್ದೆ. ಆರು ತಿಂಗಳು ಚೆನ್ನಾಗಿ ನಡೆಯಿತು. ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಫೋನ್ ಬಂತು. ಕೆಲವಕ್ಕೆ ಇಂಟರ್‌ನೆಟ್ ಇದೆ, ಕೆಲವಕ್ಕೆ ಇಲ್ಲ. ರೀಸ್ಟಾರ್ಟ್ ಮಾಡಿದರೆ ಇದ್ದದ್ದಕ್ಕೆ ಹೋಗುತ್ತದೆ, ಇಲ್ಲದ್ದಕ್ಕೆ ಬರುತ್ತದೆ. ನಾನು ಹೋಗಿ ಎರಡು ಗಂಟೆ ಕೇಬಲ್, ಸ್ವಿಚ್ ಅಂತ ನೋಡುತ್ತಲೇ ಇದ್ದೆ. ಕೊನೆಗೆ ಅಕ್ಕಪಕ್ಕದ ಎರಡು ಕಂಪ್ಯೂಟರ್‌ನಲ್ಲಿ ಆ ಪಟ್ಟಿ ತೆರೆದು ಸಾಲುಸಾಲಾಗಿ ಹೋಲಿಸಿದೆ. ಒಂದರಲ್ಲಿ ಡಿಎಚ್‌ಸಿಪಿ ಸರ್ವರ್ 192.168.1.1, ಅದು ನನ್ನದು. ಇನ್ನೊಂದರಲ್ಲಿ 192.168.0.1. ಬೀದಿಯಲ್ಲಿ ಎರಡನೇ ಲಾಡ್ಜ್ ತೆರೆದುಕೊಂಡಿತ್ತು.

ಸ್ವಿಚ್‌ನಿಂದ ಒಂದೊಂದೇ ಕೇಬಲ್ ಕಿತ್ತು ನೋಡುತ್ತಾ ಹೋದೆ. ಒಂದನ್ನು ತೆಗೆದ ಕೂಡಲೇ 192.168.0.1ಗೆ ಹೋಗುತ್ತಿದ್ದ ಪಿಂಗ್ ನಿಂತಿತು. ಆ ಕೇಬಲ್ ಹಿಡಿದು ಹೋದರೆ ಅದು ಪಕ್ಕದ ಸ್ಟಾಫ್ ರೂಮಿನ ಬೀರು ಮೇಲೆ, ಹಳೆಯ ಉತ್ತರ ಪತ್ರಿಕೆಗಳ ಕಟ್ಟಿನ ಹಿಂದೆ ಇದ್ದ ಒಂದು ಬಿಳಿ ವೈಫೈ ರೂಟರ್‌ಗೆ ಸೇರಿತ್ತು. ಒಬ್ಬರು ಮೇಷ್ಟ್ರು ಫೋನ್‌ಗೆ ವೈಫೈ ಸಿಗಲಿ ಅಂತ ಮನೆಯಿಂದ ತಂದು ಸಿಗಿಸಿದ್ದರು. ಕೇಬಲ್ ಹೋಗಬೇಕಾದದ್ದು ಹೊರಗಿನ ನೆಟ್‌ವರ್ಕ್‌ಗಿರುವ ವ್ಯಾನ್ ಪೋರ್ಟ್‌ಗೆ, ಅವರು ಹಾಕಿದ್ದು ಒಳಗಿನ ಯಂತ್ರಗಳಿಗಿರುವ ಪಕ್ಕದ ಲ್ಯಾನ್ ಪೋರ್ಟ್‌ಗೆ. ಅಲ್ಲಿಗೆ ಅದರ ಒಳಗಿನ ಡಿಎಚ್‌ಸಿಪಿ ಇಡೀ ಲ್ಯಾಬ್‌ಗೆ ಉತ್ತರ ಕೊಡಲು ನಿಂತಿತ್ತು. ಯಾರು ಮೊದಲು ಓಗೊಟ್ಟರೋ ಅವರ ರೂಮ್ ಹಿಡಿಯುವುದು ಕಂಪ್ಯೂಟರ್‌ಗಳ ಅಭ್ಯಾಸ. ಮೇಷ್ಟ್ರದ್ದು ತಪ್ಪು ಅನ್ನಲು ನನಗೆ ಮನಸ್ಸಾಗಲಿಲ್ಲ. ಆ ರೂಮಿನಲ್ಲಿ ಜೀವಂತ ಲ್ಯಾನ್ ಪಾಯಿಂಟ್ ಬಿಟ್ಟು, ಹೀಗೆ ಮಾಡಬೇಡಿ ಅಂತ ಒಂದು ಮಾತನ್ನೂ ಹೇಳದೆ ಬಂದವನು ನಾನು. ಡಬ್ಬಿ ತೆಗೆದ ಮೇಲೂ ಅದರಿಂದ ವಿಳಾಸ ಪಡೆದವು ಲೀಸ್ ಮುಗಿಯುವವರೆಗೆ ಅದನ್ನೇ ಹಿಡಿದುಕೊಂಡಿದ್ದವು. ಒಂದೊಂದರ ಮುಂದೆಯೂ ಕೂತು, ಹಳೆಯ ವಿಳಾಸ ಬಿಟ್ಟು ಹೊಸದು ಕೇಳುವ ರಿಲೀಸ್, ರಿನ್ಯೂ ಕಮಾಂಡ್ ಕೊಟ್ಟು ಮುಗಿಸುವಾಗ ರಾತ್ರಿ ಒಂಬತ್ತೂವರೆ ಆಗಿತ್ತು.

ಹಾಗಾಗಿ ನಿಮ್ಮ ಆಫೀಸಿನವರಿಗೆಲ್ಲ ಈಗಲೇ ಹೇಳಿ, ಮನೆಯಿಂದ ಯಾವ ರೂಟರ್ ತಂದರೂ ನಿಮ್ಮನ್ನು ಕೇಳದೆ ಸಿಗಿಸಬಾರದು. ಮೂಲೆಯಲ್ಲಿ ವೈಫೈ ಸಿಗುತ್ತಿಲ್ಲ ಅಂದರೆ ಹಳೆಯ ರೂಟರನ್ನೇ ಬಳಸಬಹುದು, ಆದರೆ ವೈಫೈ ಮಾತ್ರ ಹಂಚುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಆ ಮೋಡ್ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ ಆಫ್ ಮಾಡಿ, 2ರಿಂದ 29ರ ಒಳಗೆ ಒಂದು ವಿಳಾಸ ಕೊಟ್ಟು, ಲ್ಯಾನ್ ಪೋರ್ಟ್‌ನಿಂದ ಲ್ಯಾನ್ ಪೋರ್ಟ್‌ಗೆ ಸೇರಿಸಿ. ಮುಂದೆ ಸ್ವಿಚ್ ಕೊಳ್ಳುವಾಗ ಡಿಎಚ್‌ಸಿಪಿ ಸ್ನೂಪಿಂಗ್ ಇರುವ ಮ್ಯಾನೇಜ್ಡ್ ಸ್ವಿಚ್ ಕೇಳಿ. ವಿಳಾಸ ಕೊಡುವ ಹಕ್ಕು ಯಾವ ಪೋರ್ಟ್‌ಗೆ ಅಂತ ಅದರಲ್ಲಿ ಗುರುತು ಹಾಕಿಟ್ಟರೆ ಬೇರೆ ಪೋರ್ಟ್‌ನಿಂದ ಬರುವ ಆಫರ್‌ಗಳನ್ನು ಅದೇ ತಡೆಯುತ್ತದೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ನೀವೇ ಎರಡು ಡಿಎಚ್‌ಸಿಪಿ ಇಡುವ ಯೋಚನೆಯೂ ಈಗ ಬೇಡ. ಇಟ್ಟರೆ ಪೂಲನ್ನು ಇಬ್ಭಾಗ ಮಾಡಿ, ಒಂದರ ಸಂಖ್ಯೆ ಇನ್ನೊಂದಕ್ಕೆ ತಾಗದ ಹಾಗೆ ಕೊಡಬೇಕು. ನಿಮ್ಮ ಗಾತ್ರದ ಆಫೀಸಿಗೆ ಒಂದು ಕೊಡುವವನು ಸಾಕು.

ಇನ್ನು ನಮ್ಮ ಕಡೆಯ ಕರೆಂಟ್ ವಿಷಯ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿಗೆ ಹೂಮಳೆ ಬಂದಾಗಲೂ ಮುಂಗಾರು ಹಿಡಿದಾಗಲೂ ಲೈನ್ ಹೋಗಿ ಬರುವುದು ಮಾಮೂಲಿ. ಕರೆಂಟ್ ಬಂದ ಕೂಡಲೇ ಎಲ್ಲವೂ ಒಟ್ಟಿಗೆ ಏಳುತ್ತವೆ. ಕಂಪ್ಯೂಟರ್ ಎದ್ದು ‘ವಿಳಾಸ ಕೊಡಿ’ ಅಂದಾಗ ರೂಟರ್ ಇನ್ನೂ ಕಣ್ಣುಜ್ಜುತ್ತಿದ್ದರೆ ಉತ್ತರ ಸಿಗುವುದಿಲ್ಲ. ಆಗ ವಿಂಡೋಸ್ ತಾನೇ 169.254ರಿಂದ ಶುರುವಾಗುವ ಒಂದು ವಿಳಾಸ ಹಾಕಿಕೊಳ್ಳುತ್ತದೆ. ಆ ಸಂಖ್ಯೆ ಕಂಡರೆ ಕಂಪ್ಯೂಟರ್ ಕೆಟ್ಟಿದೆ ಅಂತಲ್ಲ, ಕೂಗಿದೆ ಆದರೆ ಯಾರೂ ಓಗೊಡಲಿಲ್ಲ ಅಂತ ಅರ್ಥ. ಐದೈದು ನಿಮಿಷಕ್ಕೆ ಅದು ಮತ್ತೆ ಕೇಳಿ ನೋಡುತ್ತದೆ, ನೀವು ರಿನ್ಯೂ ಕೊಟ್ಟರೆ ತಕ್ಷಣ ಸರಿಯಾಗುತ್ತದೆ. ಇದಕ್ಕೆ ಮದ್ದು ರೂಟರ್‌ಗೂ ಮುಖ್ಯ ಸ್ವಿಚ್‌ಗೂ ಒಂದು ಸಣ್ಣ ಯುಪಿಎಸ್. ಎನ್‌ವಿಆರ್‌ಗೆ ಕೈಯಾರೆ ವಿಳಾಸ ಇರಲಿ ಅಂದದ್ದೂ ಇದಕ್ಕೇ. ರಾತ್ರಿ ಕರೆಂಟ್ ಹೋಗಿ ಬಂದಾಗ ರಿನ್ಯೂ ಕೊಡಲು ಅಲ್ಲಿ ಯಾರೂ ಇರುವುದಿಲ್ಲ, ಕ್ಯಾಮೆರಾ ಮಾತ್ರ ನಡೆಯಲೇಬೇಕು.

ಸಿಡಿಲಿಗೆ ರೂಟರ್ ಸುಟ್ಟುಹೋಗುವುದೂ ನಮ್ಮಲ್ಲಿ ಹೊಸದಲ್ಲ. ಎಲ್ಲ ಸರಿಹೋದ ದಿನವೇ ರೂಟರ್‌ನ ಬ್ಯಾಕಪ್ ಫೈಲ್ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿ. ಬೇರೆ ಕಂಪನಿಯ ರೂಟರ್ ತಂದರೆ ಆ ಫೈಲ್ ನಡೆಯುವುದಿಲ್ಲ, ಆಗ ನಿಮ್ಮನ್ನು ಕಾಯುವುದು ಆ ಹಾಳೆಯೇ. ರಿಸರ್ವೇಶನ್‌ಗಳ ಮ್ಯಾಕ್ ವಿಳಾಸ ಅದರಲ್ಲಿದ್ದರೆ ಅರ್ಧ ಗಂಟೆಯಲ್ಲಿ ಮತ್ತೆ ತುಂಬಿಬಿಡಬಹುದು. ಹಾಳೆಯ ಒಂದು ಪ್ರತಿಯನ್ನು ರ್‍ಯಾಕ್‌ನ ಬಾಗಿಲ ಒಳಬದಿಗೆ ಅಂಟಿಸಿ, ಮೂಲೆಯಲ್ಲಿ ತಾರೀಖು ಬರೆಯಿರಿ.

ಹಾಜರಿ ಮಷೀನ್ ಬಗ್ಗೆ ಒಂದು ಮಾತು ಉಳಿಯಿತು. ಅದಕ್ಕೆ ಹೊಸ ವಿಳಾಸ ಕೊಟ್ಟರೆ ಮಷೀನ್‌ನಲ್ಲಿ ಥಂಬ್ ಬೀಳುತ್ತಲೇ ಇರುತ್ತದೆ, ಎಲ್ಲ ಸರಿ ಇದೆ ಅನಿಸುತ್ತದೆ. ಆದರೆ ಅದರಿಂದ ಹಾಜರಿ ಎಳೆದುಕೊಳ್ಳುವ ಸಾಫ್ಟ್‌ವೇರ್ ನಿಮ್ಮ ಆಫೀಸಿನ ಯಾವುದೋ ಕಂಪ್ಯೂಟರ್‌ನಲ್ಲಿದೆ, ಅದರೊಳಗೆ ಹಳೆಯ ಐಪಿ ಬರೆದಿರುತ್ತದೆ. ಅದನ್ನೂ ಅದೇ ದಿನ ಬದಲಿಸಿ ಒಂದು ಸಲ ಡೌನ್‌ಲೋಡ್ ಮಾಡಿ ನೋಡಿ. ಇಲ್ಲದಿದ್ದರೆ ತಿಂಗಳ ಕೊನೆಗೆ ಸಂಬಳದ ಲೆಕ್ಕಕ್ಕೆ ಕೂತಾಗ ಅಷ್ಟು ದಿನದ ಹಾಜರಿ ಬಂದಿಲ್ಲ ಅಂತ ಗೊತ್ತಾಗುತ್ತದೆ. ಹಾಳೆ ಸಿದ್ಧವಾದ ಮೇಲೆ ಯಾವ ಯಂತ್ರ ಯಾವ ಗುಂಪಿಗೆ ಅಂತ ಅನುಮಾನ ಬಂದರೆ ಆ ಸಾಲುಗಳನ್ನಷ್ಟೇ ಬರೆದು ಕಳಿಸಿ, ನೋಡಿ ಹೇಳುತ್ತೇನೆ.